ಮೊದಲ ಗಾಲ್ಫ್ ಸೆಟ್: ಕಡಿಮೆ ದುಡ್ಡಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಸದ್ಯಕ್ಕೆ ಬಿಡಬೇಕು

ಗಾಲ್ಫ್ ಸಾಮಾನು ಮಾರುವ ಕಡೆ ಎಲ್ಲಾ ಮಾತೂ ಒಳ್ಳೆಯ ಹೊಡೆತದ್ದೇ. ಈ ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯುವ ಕೋಲು) ಚೆಂಡು ಇಷ್ಟು ದೂರ ಹೋಗುತ್ತದೆ, ಈ ಐರನ್‌ನಲ್ಲಿ (ತೆಳ್ಳಗಿನ ಲೋಹದ ತಲೆಯ ಕೋಲು) ಸ್ಪಿನ್ ಜಾಸ್ತಿ, ಈ ಚೆಂಡು ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಮೇಲೆ ಬಿದ್ದ ಕಡೆಯೇ ನಿಲ್ಲುತ್ತದೆ. ಇದೆಲ್ಲಾ ಚೆಂಡು ಕ್ಲಬ್ಬಿನ, ಅಂದರೆ ಹೊಡೆಯುವ ಕೋಲಿನ, ತಲೆಯ ನಟ್ಟನಡುವೆ ತಾಗಿದಾಗಿನ ಮಾತು. ಹೊಸಬರ ಹೊಡೆತ ಅಲ್ಲಿ ತಾಗುವುದು ಅಪರೂಪ. ಒಂದು ಸಲ ತುದಿಗೆ ತಾಗುತ್ತದೆ, ಒಂದು ಸಲ ಬುಡಕ್ಕೆ, ಇನ್ನೊಂದು ಸಲ ಚೆಂಡಿಗಿಂತ ಮೊದಲು ನೆಲಕ್ಕೆ. ಹಾಗಾಗಿ ಎರಡು ಸಾಮಾನು ಮುಂದಿಟ್ಟುಕೊಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಹೊಡೆತ ಕೆಟ್ಟಾಗ ಇದು ಚೆಂಡನ್ನು ಎಲ್ಲಿಗೆ ಕಳಿಸುತ್ತದೆ?

ಈ ಪ್ರಶ್ನೆ ಇಟ್ಟುಕೊಂಡು ಹೊರಟರೆ ದುಡ್ಡೂ ಉಳಿಯುತ್ತದೆ. ಗಾಲ್ಫಿನಲ್ಲಿ ತಪ್ಪನ್ನು ಮನ್ನಿಸುವ ಸಾಮಾನು ಬಹುಪಾಲು ಕಡಿಮೆ ಬೆಲೆಯದ್ದೇ. ಜಾಸ್ತಿ ಬೆಲೆ ಕೊಟ್ಟು ಕೊಳ್ಳುವ ಗುಣಗಳು ಹೆಚ್ಚಾಗಿ ನುರಿತವರ ಕೈಯಲ್ಲಿ ಮಾತ್ರ ಕೆಲಸ ಮಾಡುತ್ತವೆ.

14 ಕ್ಲಬ್ ಬೇಕಾ, 7 ಸಾಕಾ?

ನಿಯಮದ ಪ್ರಕಾರ ಒಂದು ರೌಂಡಿಗೆ ಹೆಚ್ಚೆಂದರೆ 14 ಕ್ಲಬ್ ಒಯ್ಯಬಹುದು. ಅದು ಮೇಲಿನ ಮಿತಿ. ಕನಿಷ್ಠ ಇಷ್ಟಿರಬೇಕು ಅಂತ ನಿಯಮ ಎಲ್ಲೂ ಹೇಳುವುದಿಲ್ಲ. ಈ ಮಿತಿ ಬಂದದ್ದೇ 1938ರಲ್ಲಿ ಅಮೆರಿಕದಲ್ಲಿ, ಮರುವರ್ಷ ಬ್ರಿಟನ್‌ನಲ್ಲಿ. ಅದಕ್ಕೂ ಮೊದಲು, 1916ರಲ್ಲಿ, ಚಿಕ್ ಇವಾನ್ಸ್ ಎಂಬ ಹವ್ಯಾಸಿ ಆಟಗಾರ ಬರೀ 7 ಕ್ಲಬ್ ಹಿಡಿದು ಯುಎಸ್ ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದಿದ್ದರು. ಅವರ ಕೌಶಲ ನಮಗಿಲ್ಲ, ಸರಿ. ಆದರೆ ಪೂರ್ತಿ ಕೋರ್ಸ್ ಆಡಲು 7 ಕ್ಲಬ್ ಸಾಲುತ್ತವೆ ಅನ್ನೋದಕ್ಕೆ ಅಷ್ಟು ಸಾಕಲ್ವಾ?

ಹೊಸಬರಿಗೆ ಕಡಿಮೆ ಕ್ಲಬ್ ಇರುವುದೇ ಒಳ್ಳೆಯದು ಅಂತ ನಾನು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಐರನ್‌ಗಳಿಗೆ ನಂಬರ್ ಇರುತ್ತದೆ, ನಂಬರ್ ಏರಿದಷ್ಟೂ ಚೆಂಡು ಹೋಗುವ ದೂರ ಕಡಿಮೆ. 7 ಐರನ್ ಮತ್ತು 8 ಐರನ್ ನಡುವೆ ನುರಿತ ಆಟಗಾರನಿಗೆ ಸುಮಾರು 10 ಗಜದ ವ್ಯತ್ಯಾಸ ಬರುತ್ತದೆ. ಕಲಿಯುವವರ ಕೈಯಲ್ಲಿ ಒಂದೇ 7 ಐರನ್‌ನ ಎರಡು ಹೊಡೆತಗಳ ನಡುವೆಯೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ. ಹೀಗಿರುವಾಗ ನಡುವಿನ ಕ್ಲಬ್ಬುಗಳು ಸುಮ್ನೆ ಬ್ಯಾಗಿನ ಭಾರ. ಕ್ಲಬ್ ಕಡಿಮೆ ಇದ್ದರೆ ಪ್ರತಿಯೊಂದರ ಪರಿಚಯವೂ ಬೇಗ ಆಗುತ್ತದೆ.

ನನ್ನ ಆಯ್ಕೆ ಹೀಗೆ: ಒಂದು 5 ವುಡ್ (ದಪ್ಪ ತಲೆಯ, ದೂರ ಹೊಡೆಯುವ ಕ್ಲಬ್), ಒಂದು ಹೈಬ್ರಿಡ್ (ವುಡ್ ಮತ್ತು ಐರನ್ ನಡುವಿನದು), 7 ಮತ್ತು 9 ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್ (ಇವೆರಡೂ ಚೆಂಡನ್ನು ಎತ್ತರಕ್ಕೆ ಎತ್ತಿ ಹತ್ತಿರದಲ್ಲೇ ಬೀಳಿಸುವವು), ಪಟರ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್). ಡ್ರೈವರ್ ಇಲ್ಲದ್ದು ನೋಡಿ ಹಲವರು ಹುಬ್ಬೇರಿಸುತ್ತಾರೆ. ಅದರ ಕಾರಣ ಮುಂದೆ ಹೇಳುತ್ತೇನೆ.

ಬಾಡಿಗೆ, ಬಾಕ್ಸ್ ಸೆಟ್, ಸೆಕೆಂಡ್ ಹ್ಯಾಂಡ್

ಮೊದಲ ನಿರ್ಧಾರ ಇಲ್ಲಿದೆ, ದುಡ್ಡು ಉಳಿಯುವುದೂ ಹೋಗುವುದೂ ಹೆಚ್ಚಾಗಿ ಇಲ್ಲೇ.

ಆಟ ಇಷ್ಟವಾಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲದವರು ಏನೂ ಕೊಳ್ಳಬೇಡಿ. ಬಹಳಷ್ಟು ಡ್ರೈವಿಂಗ್ ರೇಂಜ್‌ಗಳಲ್ಲಿ (ಚೆಂಡು ಹೊಡೆದು ಅಭ್ಯಾಸ ಮಾಡುವ ಮೈದಾನ) ಕ್ಲಬ್ ಬಾಡಿಗೆಗೆ ಸಿಗುತ್ತವೆ. ಕಲಿಸುವ ಕೋಚ್ ಹತ್ತಿರವೂ ಇರುತ್ತವೆ. ಒಂದು 7 ಐರನ್ ಹಿಡಿದು ಕೆಲವು ವಾರ ಹೊಡೆಯಿರಿ. ಅಷ್ಟರಲ್ಲಿ ನಿಮ್ಮ ಸ್ವಿಂಗ್ ಹೇಗಿದೆ, ಚೆಂಡು ಯಾವ ಕಡೆ ವಾಲುತ್ತದೆ ಅನ್ನೋದು ಸ್ವಲ್ಪ ತಿಳಿಯುತ್ತದೆ. ಬೇರೆ ಬೇರೆ ಕ್ಲಬ್ ಕೈಗೆ ಬರುವುದರಿಂದ ಯಾವುದು ಹಗುರ, ಯಾವುದು ಭಾರ ಅನ್ನೋದೂ ತಿಳಿಯುತ್ತದೆ. ಆದರೆ ವಾರಕ್ಕೆ ಎರಡು ಮೂರು ಸಲ ಹೋಗಲು ಶುರುವಾದ ಮೇಲೆ ಬಾಡಿಗೆ ದುಬಾರಿಯಾಗುತ್ತದೆ. ಜೊತೆಗೆ ಪ್ರತಿ ಸಲ ಬೇರೆ ಕ್ಲಬ್ ಕೈಗೆ ಬಂದರೆ ಕಲಿತದ್ದು ಕೈಗೆ ಹತ್ತುವುದಿಲ್ಲ.

ಬಾಕ್ಸ್ ಸೆಟ್ ಅಂದರೆ ಕ್ಲಬ್, ಬ್ಯಾಗ್ ಎಲ್ಲಾ ಒಟ್ಟಿಗೆ ಬರುವ ಹೊಸ ಸೆಟ್. ಕ್ಯಾಲವೇ, ವಿಲ್ಸನ್, ಕೋಬ್ರಾದಂಥ ದೊಡ್ಡ ಕಂಪನಿಗಳೂ ಇದನ್ನು ಮಾಡುತ್ತವೆ. ಇದರ ದೊಡ್ಡ ಲಾಭ ನಿಶ್ಚಿಂತೆ. ಎಲ್ಲಾ ಕ್ಲಬ್ಬೂ ಹೊಸಬರನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು, ಒಂದಕ್ಕೊಂದು ಹೊಂದುತ್ತವೆ, ಗ್ರಿಪ್ (ಕೈ ಹಿಡಿಯುವ ಕಡೆಯ ಹೊದಿಕೆ) ಹೊಸದು. ಕೊಳ್ಳುವಾಗ ಒಂದು ಲೆಕ್ಕ ಮಾತ್ರ ನೋಡಿಕೊಳ್ಳಿ. ಪೆಟ್ಟಿಗೆ ಮೇಲೆ '12 ಪೀಸ್' ಅಂತ ಇದ್ದರೆ ಅದು 12 ಕ್ಲಬ್ ಅಂತ ಅರ್ಥವಲ್ಲ. ಬ್ಯಾಗು, ಕ್ಲಬ್ ತಲೆಗೆ ಹಾಕುವ ಕವರ್‌ಗಳು ಎಲ್ಲಾ ಆ ಎಣಿಕೆಯಲ್ಲಿ ಸೇರಿರುತ್ತವೆ. ಒಳಗೆ ನಿಜವಾಗಿ ಎಷ್ಟು ಕ್ಲಬ್, ಯಾವ ಯಾವ ಕ್ಲಬ್ ಅಂತ ಬರೆದದ್ದನ್ನು ಓದಿ. ಸ್ಯಾಂಡ್ ವೆಜ್ ಬಿಟ್ಟಿರುವ ಸೆಟ್‌ಗಳು ಇವೆ. ಅದನ್ನು ಬೇರೆಯಾಗಿ ಕೊಂಡರೆ ಒಟ್ಟು ಖರ್ಚು ಏರುತ್ತದೆ. ಇದರಲ್ಲಿ ಬರುವ ಪಟರ್ ಮತ್ತು ಬ್ಯಾಗು ಕೂಡ ಸಾಮಾನ್ಯವಾಗಿ ಅಷ್ಟಕ್ಕಷ್ಟೆ.

ಸೆಕೆಂಡ್ ಹ್ಯಾಂಡ್ ನನ್ನ ಮೊದಲ ಆಯ್ಕೆ. ಗಾಲ್ಫ್ ಕ್ಲಬ್ ಬೇಗ ಹಾಳಾಗುವ ವಸ್ತುವಲ್ಲ. ಐರನ್‌ನ ತಲೆ ಉಕ್ಕಿನದು, ಹತ್ತು ಹದಿನೈದು ವರ್ಷ ಆಡಿದರೂ ಹೊಸಬರಿಗೆ ಬೇಕಾದ ಕೆಲಸ ಮಾಡುತ್ತದೆ. ಹೊಸ ಮಾದರಿ ಬಂದ ತಕ್ಷಣ ಹಳೆಯದರ ಬೆಲೆ ಬೀಳುತ್ತದೆ, ಗುಣ ಬೀಳುವುದಿಲ್ಲ. ಡ್ರೈವರ್ ವಿಷಯದಲ್ಲಂತೂ ಇದು ಇನ್ನೂ ನಿಜ. ಡ್ರೈವರ್ ತಲೆಯ ಗಾತ್ರಕ್ಕೆ 460 ಸಿಸಿ ಮಿತಿ ಇದೆ. ಮುಖ ಚೆಂಡನ್ನು ಎಷ್ಟು ಪುಟಿಸಬಹುದು ಅನ್ನೋದಕ್ಕೂ ಮಿತಿ ಇದೆ. ಕಂಪನಿಗಳು ಈ ಎರಡೂ ಮಿತಿಗಳನ್ನು 2000ರ ದಶಕದಲ್ಲೇ ಮುಟ್ಟಿದವು. ಆಮೇಲಿನ ಸುಧಾರಣೆ ಹೆಚ್ಚಾಗಿ ತೂಕವನ್ನು ಎಲ್ಲಿ ಹಂಚಬೇಕು ಅನ್ನೋದರಲ್ಲಿ. ಅದೂ ಉಪಯೋಗದ್ದೇ, ಆದರೆ ಹತ್ತು ವರ್ಷ ಹಳೆಯ ಒಳ್ಳೆಯ ಡ್ರೈವರ್‌ಗೂ ಇವತ್ತಿನದಕ್ಕೂ ಹೊಸಬರ ಕೈಯಲ್ಲಿ ಕಾಣುವ ವ್ಯತ್ಯಾಸ ಬೆಲೆಯ ವ್ಯತ್ಯಾಸದಷ್ಟು ಇರುವುದಿಲ್ಲ.

ತೀರಾ ಹಳೆಯದಕ್ಕೆ ಮಾತ್ರ ಕೈ ಹಾಕಬೇಡಿ. ಮರದ ತಲೆಯ ವುಡ್‌ಗಳು, 1980ರ ದಶಕದ ಚಿಕ್ಕ ಲೋಹದ ತಲೆಗಳು ನೋಡಲು ಚೆಂದ, ಹೊಡೆಯಲು ಕಷ್ಟ. 1991ರಲ್ಲಿ ಕ್ಯಾಲವೇ ಬಿಗ್ ಬರ್ತಾ ಬಂದಾಗ ಜನ ಅದರ ಗಾತ್ರ ನೋಡಿ ಬೆರಗಾಗಿದ್ದರು. ಅದರ ತಲೆ ಬರೀ 190 ಸಿಸಿ. ಅಂದರೆ ಅದಕ್ಕಿಂತ ಹಿಂದಿನವು ಇನ್ನೂ ಚಿಕ್ಕವು. ಅಟ್ಟದಿಂದ ಇಳಿಸಿದ ಸೆಟ್ಟನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಅದರಲ್ಲಿ ಆಟ ಕಲಿಯಲು ಹೋಗಬೇಡಿ.

ಸೆಕೆಂಡ್ ಹ್ಯಾಂಡ್ ಕ್ಲಬ್ ಕೈಗೆ ಬಂದಾಗ ಹೀಗೆ ನೋಡಿ. ಶಾಫ್ಟನ್ನು, ಅಂದರೆ ಕ್ಲಬ್ಬಿನ ಉದ್ದನೆಯ ದಂಡವನ್ನು, ಕಣ್ಣಿಗೆ ಹಿಡಿದು ಉದ್ದಕ್ಕೂ ನೋಡಿದರೆ ಬಾಗಿದ್ದು ಗೊತ್ತಾಗುತ್ತದೆ. ಗ್ರಾಫೈಟ್ ಶಾಫ್ಟ್ ಆದರೆ ಬೆರಳು ಆಡಿಸಿ ಬಿರುಕು, ಆಳವಾದ ಗೀರು ಹುಡುಕಿ. ಶಾಫ್ಟ್ ತಲೆಗೆ ಸೇರುವ ಜಾಗದಲ್ಲಿ ಗಮನ ಜಾಸ್ತಿ ಇರಲಿ. ತಲೆಯನ್ನು ಮೆಲ್ಲಗೆ ತಿರುಗಿಸಿ, ಅಲುಗಾಡಬಾರದು. ಕ್ಲಬ್ ಅಲ್ಲಾಡಿಸಿದಾಗ ಒಳಗೆ ಗಡಗಡ ಸದ್ದು ಬಂದರೆ ಏನೋ ಸಡಿಲವಾಗಿದೆ ಅಂತ. ಡ್ರೈವರ್ ಮೇಲ್ಭಾಗದಲ್ಲಿ ತಗ್ಗು, ಮುಖದಲ್ಲಿ ಬಿರುಕು ಇದ್ದರೆ ಬಿಟ್ಟುಬಿಡಿ. ಐರನ್‌ನ ಅಡಿಯಲ್ಲಿ ಗೀರು, ಬಣ್ಣ ಹೋಗಿರುವುದು ಲೆಕ್ಕಕ್ಕೆ ಬೇಡ. ಗ್ರಿಪ್ ಗಟ್ಟಿಯಾಗಿ ಜಾರುತ್ತಿದ್ದರೆ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಬರೀ ಕೊಳೆಯಾಗಿದ್ದರೆ ಸೋಪು ನೀರಲ್ಲಿ ಉಜ್ಜಿ ತೊಳೆದರೆ ಸಾಕು.

ನಕಲಿ ಕ್ಲಬ್ ಬಗ್ಗೆಯೂ ಎಚ್ಚರ ಇರಲಿ. ಈ ವರ್ಷದ ಹೊಸ ಮಾದರಿ, ಸೀಲ್ ಒಡೆಯದ್ದು, ಅರ್ಧಕ್ಕಿಂತ ಕಡಿಮೆ ಬೆಲೆ ಅಂದರೆ ಅನುಮಾನ ಪಡಲೇಬೇಕು. ನಕಲಿಯಲ್ಲಿ ಅಕ್ಷರಗಳ ಅಂಚು ಒರಟಾಗಿರುತ್ತದೆ, ಬಣ್ಣ ಗೆರೆ ದಾಟಿರುತ್ತದೆ, ಸೀರಿಯಲ್ ನಂಬರ್ ಇರುವುದಿಲ್ಲ ಅಥವಾ ಸೆಟ್ಟಿನ ಒಂದೊಂದು ಕ್ಲಬ್‌ಗೆ ಒಂದೊಂದು ಥರ ಇರುತ್ತದೆ. ನಕಲಿಗಳು ಹೊಸ, ದುಬಾರಿ ಮಾದರಿಗಳಲ್ಲೇ ಜಾಸ್ತಿ. ಐದಾರು ವರ್ಷ ಹಳೆಯ, ಸಾಧಾರಣ ಮಾದರಿ ಹುಡುಕುವವರಿಗೆ ಈ ಅಪಾಯ ಕಡಿಮೆ.

ಎಡಗೈ ಆಟಗಾರರಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಆಯ್ಕೆ ಕಡಿಮೆ. ಸಿಗಲಿಲ್ಲ ಅಂತ ಬಲಗೈ ಕ್ಲಬ್ ಹಿಡಿದು ಒದ್ದಾಡಬೇಡಿ, ನಿಮಗೆ ಬಾಕ್ಸ್ ಸೆಟ್ ಒಳ್ಳೆಯದು. ಮಕ್ಕಳಿಗೂ ಹಾಗೇ. ದೊಡ್ಡವರ ಕ್ಲಬ್ ಕತ್ತರಿಸಿ ಕೊಟ್ಟರೆ ತಲೆ ಭಾರವಾಗಿ, ಶಾಫ್ಟ್ ಬಿರುಸಾಗಿ ಉಳಿಯುತ್ತದೆ. ಮಗು ಅದನ್ನು ಎತ್ತಲು ಹೋಗಿ ಸ್ವಿಂಗ್ ಕೆಡಿಸಿಕೊಳ್ಳುತ್ತದೆ. ಎತ್ತರಕ್ಕೆ ತಕ್ಕ ಮಕ್ಕಳ ಕ್ಲಬ್ ಮೂರು ನಾಲ್ಕು ಇದ್ದರೆ ಸಾಕು.

ಐರನ್: ಕ್ಯಾವಿಟಿ ಬ್ಯಾಕ್ ಅಥವಾ ಬ್ಲೇಡ್

ಬ್ಲೇಡ್ ಅಂದರೆ ಹಿಂಭಾಗ ಸಪಾಟಾಗಿರುವ, ತೆಳ್ಳಗಿನ ಐರನ್. ಕ್ಯಾವಿಟಿ ಬ್ಯಾಕ್‌ನಲ್ಲಿ ಹಿಂಭಾಗ ಟೊಳ್ಳಾಗಿದ್ದು ತೂಕವೆಲ್ಲಾ ಅಂಚುಗಳಿಗೆ ಹೋಗಿರುತ್ತದೆ. ಈ ಅಂಚಿನ ತೂಕದ ವಿಚಾರವನ್ನು 1960ರ ದಶಕದಲ್ಲಿ ಬೆಳೆಸಿದವರು ಕಾರ್ಸ್ಟನ್ ಸೋಲ್‌ಹೈಮ್, ಪಿಂಗ್ ಕಂಪನಿ ಕಟ್ಟಿದ ಎಂಜಿನಿಯರ್. ಚೆಂಡು ತುದಿಗೋ ಬುಡಕ್ಕೋ ತಾಗಿದಾಗ ಕ್ಲಬ್ಬಿನ ತಲೆ ತಿರುಚಿಕೊಳ್ಳುತ್ತದೆ. ಹೊಡೆತ ದಾರಿ ತಪ್ಪುವುದು, ದೂರ ಕಡಿಮೆಯಾಗುವುದು ಈ ತಿರುಚುವಿಕೆಯಿಂದಲೇ. ತೂಕ ಅಂಚಿನಲ್ಲಿದ್ದರೆ ತಲೆ ಅಷ್ಟು ಸುಲಭವಾಗಿ ತಿರುಚುವುದಿಲ್ಲ. ಅದೇ ಕೆಟ್ಟ ಹೊಡೆತ ಬ್ಲೇಡ್‌ನಲ್ಲಿ ಗ್ರೀನ್‌ಗಿಂತ ಬಹಳ ಹಿಂದೆ ಬಿದ್ದರೆ, ಕ್ಯಾವಿಟಿ ಬ್ಯಾಕ್‌ನಲ್ಲಿ ಗ್ರೀನ್ ಅಂಚಿನ ಹತ್ತಿರ ಬೀಳಬಹುದು.

ಹಾಗಾದರೆ ಬ್ಲೇಡ್ ಯಾಕೆ ಬೇಕು? ಚೆಂಡನ್ನು ಬೇಕೆಂದೇ ಎಡಕ್ಕೆ ಬಲಕ್ಕೆ ತಿರುಗಿಸಿ ಆಡಬಲ್ಲವರಿಗೆ, ತಾಗಿದ ಜಾಗ ಕೈಗೆ ನಿಖರವಾಗಿ ತಿಳಿಯಬೇಕು ಅನ್ನುವವರಿಗೆ. ಕಲಿಯುವ ಹಂತದಲ್ಲಿ ಇದರ ಮಾತೇ ಬೇಡ. ಫೋರ್ಜ್ ಮಾಡಿದ್ದೋ (ಬಡಿದು ರೂಪಿಸಿದ್ದು) ಎರಕ ಹೊಯ್ದದ್ದೋ ಅನ್ನುವ ಚರ್ಚೆಯೂ ಬೇಡ. ಎರಕದ್ದು ಅಗ್ಗ, ಅಂಚಿಗೆ ತೂಕ ಹಾಕಲೂ ಅನುಕೂಲ.

ಹುಡುಕುವಾಗ 'ಗೇಮ್ ಇಂಪ್ರೂವ್‌ಮೆಂಟ್' ಎಂಬ ಹೆಸರಿನಡಿ ಬರುವ ಐರನ್‌ಗಳನ್ನು ನೋಡಿ. ಅಡಿಭಾಗ ಅಗಲ ಇರಲಿ. ಚೆಂಡಿಗಿಂತ ಸ್ವಲ್ಪ ಮೊದಲು ನೆಲಕ್ಕೆ ತಾಗಿದರೂ ಅಗಲವಾದ ಅಡಿ ಮಣ್ಣಿಗೆ ಇಳಿಯದೆ ಜಾರಿಕೊಂಡು ಹೋಗುತ್ತದೆ. ಹೊಸಬರ ಕೆಟ್ಟ ಹೊಡೆತಗಳಲ್ಲಿ ಇದೇ ಜಾಸ್ತಿ, ಹಾಗಾಗಿ ಈ ಒಂದು ಗುಣವನ್ನು ನಾನು ಬ್ರ್ಯಾಂಡಿಗಿಂತ ಮೇಲಿಡುತ್ತೇನೆ.

ಇಲ್ಲೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಐರನ್ ಮೇಲಿನ ನಂಬರಿಗೆ ಪಕ್ಕಾ ಅಳತೆ ಇಲ್ಲ. ಹಿಂದೆ 7 ಐರನ್ ಮುಖ ಸುಮಾರು 34 ಡಿಗ್ರಿ ಓರೆ ಇರುತ್ತಿತ್ತು. ಈಗಿನ ಬಹಳಷ್ಟು ಗೇಮ್ ಇಂಪ್ರೂವ್‌ಮೆಂಟ್ ಸೆಟ್‌ಗಳಲ್ಲಿ ಅದು 28ರಿಂದ 30. ಓರೆ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ. ಹಾಗಾಗಿ ಹೊಸ 7 ಐರನ್ ಹಳೆಯದಕ್ಕಿಂತ ದೂರ ಹೊಡೆದರೆ ಅದರಲ್ಲಿ ಒಂದು ಪಾಲು ಈ ಓರೆಯದ್ದೇ. ಬೇರೆ ಬೇರೆ ಸೆಟ್ಟಿನ ಬಿಡಿ ಕ್ಲಬ್ ಸೇರಿಸುವವರು ನಂಬರ್ ಬಿಟ್ಟು ಡಿಗ್ರಿ ನೋಡಿ. ಕಂಪನಿಗಳು ಪ್ರತಿ ಮಾದರಿಯ ಡಿಗ್ರಿ ಪಟ್ಟಿ ಕೊಟ್ಟಿರುತ್ತವೆ.

ಟೀ ಮೇಲಿಂದ: ಡ್ರೈವರ್, ವುಡ್, ಹೈಬ್ರಿಡ್

ಡ್ರೈವರ್ ಬ್ಯಾಗಿನಲ್ಲಿ ಅತಿ ಉದ್ದದ ಕ್ಲಬ್, ಸುಮಾರು 45 ಇಂಚು. ಪಟರ್ ಬಿಟ್ಟರೆ ಓರೆಯೂ ಅತಿ ಕಡಿಮೆ. ಉದ್ದ ಜಾಸ್ತಿಯಾದಷ್ಟೂ ತಲೆಯ ಮಧ್ಯಕ್ಕೆ ಚೆಂಡು ತಾಗಿಸುವುದು ಕಷ್ಟ. ಓರೆ ಕಡಿಮೆಯಾದಷ್ಟೂ ಚೆಂಡು ಪಕ್ಕಕ್ಕೆ ಬಾಗುವುದು ಜಾಸ್ತಿ. ಈ ಎರಡು ಕಷ್ಟವೂ ಒಂದೇ ಕ್ಲಬ್ಬಿನಲ್ಲಿ ಸೇರಿವೆ. ಬಲಗೈ ಹೊಸಬರ ಡ್ರೈವರ್ ಹೊಡೆತ ಬಲಕ್ಕೆ ಬಾಗಿ ಪೊದೆ ಸೇರುವುದು, ಅಂದರೆ ಸ್ಲೈಸ್, ಇಷ್ಟು ಸಾಮಾನ್ಯ ಆಗಿರುವುದಕ್ಕೆ ಇದೂ ಒಂದು ಕಾರಣ.

5 ವುಡ್ ಓರೆ ಸುಮಾರು 18 ಡಿಗ್ರಿ, ಉದ್ದ ಸುಮಾರು 42 ಇಂಚು. ಚೆಂಡು ಬೇಗ ಮೇಲೇಳುತ್ತದೆ, ಬಾಗುವುದು ಕಡಿಮೆ. ಟೀ (ಚೆಂಡನ್ನು ಎತ್ತರಿಸಿ ಇಡುವ ಪುಟ್ಟ ಗೂಟ) ಮೇಲಿಂದಲೂ ಹೊಡೆಯಬಹುದು, ಹುಲ್ಲಿನ ಮೇಲಿಂದಲೂ ಹೊಡೆಯಬಹುದು. ಡ್ರೈವರ್‌ನ ಅತಿ ಒಳ್ಳೆಯ ಹೊಡೆತಕ್ಕಿಂತ ಇದು ಹಿಂದೆ ಬೀಳುತ್ತದೆ, ಒಪ್ಪುತ್ತೇನೆ. ಆದರೆ ಹತ್ತು ಹೊಡೆತ ಹೊಡೆದು ಹತ್ತರ ಚೆಂಡೂ ಎಲ್ಲಿ ಬಿದ್ದಿವೆ ನೋಡಿದರೆ, ಆಡಲು ಸಿಗುವ ಜಾಗದಲ್ಲಿ ಇರುವುದು 5 ವುಡ್‌ನವೇ ಜಾಸ್ತಿ. ಕಳೆದ ಚೆಂಡಿಗೆ ಒಂದು ಹೊಡೆತದ ದಂಡವೂ ಇದೆ, ಮತ್ತೆ ಮೊದಲಿನ ಜಾಗದಿಂದಲೇ ಹೊಡೆಯಬೇಕು. ಆ ದಂಡದ ಮುಂದೆ 20 ಗಜದ ಲಾಭ ಏನೂ ಅಲ್ಲ.

3 ವುಡ್ ಈ ಎರಡರ ನಡುವೆ, ಓರೆ 15 ಡಿಗ್ರಿ. ಇದನ್ನು ಹುಲ್ಲಿನ ಮೇಲಿಂದ ಎತ್ತುವುದು ಕಲಿಯುವವರಿಗೆ ಬಹಳ ಕಷ್ಟ. ಬಾಕ್ಸ್ ಸೆಟ್‌ಗಳಲ್ಲಿ ಇದು ಯಾಕೆ ಬರುತ್ತದೋ, ನನ್ನ ಪ್ರಕಾರ ಆ ಜಾಗಕ್ಕೆ 5 ವುಡ್ ಅಥವಾ 21 ಡಿಗ್ರಿಯ 7 ವುಡ್ ಬರಬೇಕಿತ್ತು.

ಹೈಬ್ರಿಡ್ ಅಂದರೆ ವುಡ್ ಥರದ ಪುಟ್ಟ ತಲೆ, ಐರನ್ ಹತ್ತಿರದ ಉದ್ದ. 3, 4, 5 ಐರನ್‌ಗಳ ಜಾಗಕ್ಕೆ ಬಂದದ್ದು. ಈ ಉದ್ದನೆಯ ಐರನ್‌ಗಳನ್ನು ಮೇಲೆತ್ತಲು ವೇಗದ ಸ್ವಿಂಗ್ ಬೇಕು. ಹೈಬ್ರಿಡ್‌ನಲ್ಲಿ ತೂಕ ಕೆಳಗೆ, ಹಿಂದೆ ಇರುವುದರಿಂದ ನಿಧಾನ ಸ್ವಿಂಗ್‌ಗೂ ಚೆಂಡು ಏಳುತ್ತದೆ. ಉದ್ದ ಹುಲ್ಲಿನಲ್ಲಿ ಐರನ್ ಸಿಕ್ಕಿಕೊಳ್ಳುವ ಕಡೆ ಇದು ನುಗ್ಗಿ ಹೋಗುತ್ತದೆ. ಒಂದೇ ಹೈಬ್ರಿಡ್ ಕೊಳ್ಳುವುದಾದರೆ 24 ಡಿಗ್ರಿ ಆಸುಪಾಸಿನದು ಕೊಳ್ಳಿ.

ಇಷ್ಟಾದರೂ ಡ್ರೈವರ್ ಬೇಕೇ ಬೇಕು ಅನ್ನುವವರಿದ್ದಾರೆ, ಅವರ ಆಸೆ ನನಗೆ ಅರ್ಥವಾಗುತ್ತದೆ. ಆಟದ ದೊಡ್ಡ ಖುಷಿಗಳಲ್ಲಿ ಅದೂ ಒಂದು. ಹಾಗಿದ್ದರೆ 460 ಸಿಸಿ ತಲೆಯ, 10.5ರಿಂದ 12 ಡಿಗ್ರಿ ಓರೆಯ ಹಳೆಯ ಮಾದರಿ ಹುಡುಕಿ. ಟಿವಿಯಲ್ಲಿ ಕಾಣುವ ಆಟಗಾರರ 8, 9 ಡಿಗ್ರಿ ಬೇಡ. ಗ್ರಿಪ್ಪನ್ನು ಒಂದು ಇಂಚು ಕೆಳಗೆ ಹಿಡಿದು ಆಡಿ, ಚೆಂಡು ಮಧ್ಯಕ್ಕೆ ತಾಗುವುದು ಜಾಸ್ತಿಯಾಗುತ್ತದೆ.

ಶಾಫ್ಟ್, ಉದ್ದ, ಗ್ರಿಪ್

ಉಕ್ಕಿನ ಶಾಫ್ಟ್ ಅಗ್ಗ, ಗಟ್ಟಿ, ಭಾರ: ಸಾಮಾನ್ಯವಾಗಿ 90ರಿಂದ 130 ಗ್ರಾಂ. ಗ್ರಾಫೈಟ್ ಹಗುರ: ಐರನ್‌ಗಳಲ್ಲಿ 50ರಿಂದ 80 ಗ್ರಾಂ. ಹಗುರ ಶಾಫ್ಟ್ ಇದ್ದರೆ ಸ್ವಿಂಗ್ ವೇಗ ಸ್ವಲ್ಪ ಏರುತ್ತದೆ, ನೆಲಕ್ಕೆ ತಾಗಿದಾಗ ಕೈಗೆ ಬರುವ ಅದಿರಾಟವೂ ಕಡಿಮೆ. ಮೊಣಕೈ, ಮಣಿಕಟ್ಟು ನೋವಿರುವವರು, ವಯಸ್ಸಾದವರು, ನಿಧಾನ ಸ್ವಿಂಗ್‌ನವರು ಗ್ರಾಫೈಟ್‌ಗೆ ಸ್ವಲ್ಪ ಜಾಸ್ತಿ ಕೊಡಲಿ, ಅದು ವ್ಯರ್ಥವಲ್ಲ. ಉಳಿದವರಿಗೆ ಐರನ್‌ನಲ್ಲಿ ಉಕ್ಕು ಸಾಕು. ವುಡ್ ಮತ್ತು ಡ್ರೈವರ್‌ಗಳಲ್ಲಿ ಹೇಗೂ ಗ್ರಾಫೈಟೇ ಬರುತ್ತದೆ.

ಶಾಫ್ಟ್ ಎಷ್ಟು ಬಳುಕುತ್ತದೆ ಅನ್ನೋದಕ್ಕೆ ಫ್ಲೆಕ್ಸ್ ಅಂತಾರೆ. ಲೇಡೀಸ್, ಸೀನಿಯರ್, ರೆಗ್ಯುಲರ್, ಸ್ಟಿಫ್ ಅಂತ ಹೆಸರುಗಳು. ಈ ಹೆಸರುಗಳನ್ನು ಪೂರ್ತಿ ನಂಬಬೇಡಿ, ಒಂದು ಕಂಪನಿಯ ರೆಗ್ಯುಲರ್ ಇನ್ನೊಂದರ ಸ್ಟಿಫ್‌ನಂತೆ ಇರಬಹುದು. ಇಲ್ಲಿ ಮುಖ್ಯವಾದದ್ದು ಸ್ವಿಂಗ್ ವೇಗ. ಡ್ರೈವರ್ ತಲೆ ಗಂಟೆಗೆ 85ರಿಂದ 95 ಮೈಲಿ ವೇಗದಲ್ಲಿ ಬೀಸುವವರಿಗೆ ರೆಗ್ಯುಲರ್, ಅದಕ್ಕಿಂತ ನಿಧಾನ ಆದರೆ ಸೀನಿಯರ್ ಅಥವಾ ಲೇಡೀಸ್ ಅನ್ನೋದು ರೂಢಿಯ ಲೆಕ್ಕ. ಮಹಿಳೆಯರು ಲೇಡೀಸ್ ಅಂತ ಬರೆದದ್ದನ್ನೇ ಕೊಳ್ಳಬೇಕಿಲ್ಲ. ಎತ್ತರ ಇದ್ದು ಜೋರಾಗಿ ಬೀಸುವವರಿಗೆ ಸೀನಿಯರ್ ಅಥವಾ ರೆಗ್ಯುಲರ್ ಹೊಂದುತ್ತದೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸ್ಟಿಫ್ ಶಾಫ್ಟ್ ಇರುವ ಒಳ್ಳೆಯ ಸೆಟ್ ಅಗ್ಗಕ್ಕೆ ಸಿಕ್ಕರೂ ಹೊಸಬರು ಬಿಡುವುದೇ ಸರಿ. ನಿಧಾನ ಸ್ವಿಂಗ್‌ಗೆ ಅದು ಮರದ ಕೋಲು ಹಿಡಿದಂತೆ ಆಗುತ್ತದೆ, ಚೆಂಡು ತಗ್ಗಾಗಿ ಬಲಕ್ಕೆ ಹೋಗುತ್ತದೆ.

ಉದ್ದ ಹೊಂದುತ್ತದಾ ಅಂತ ನೋಡಲು ಬರೀ ನಿಮ್ಮ ಎತ್ತರ ಸಾಲದು. ಕೈ ಉದ್ದವೂ ಸೇರಬೇಕು. ಅದಕ್ಕೇ ನೇರ ನಿಂತು, ಕೈ ಇಳಿಬಿಟ್ಟು, ಮಣಿಕಟ್ಟಿನಿಂದ ನೆಲದವರೆಗೆ ಅಳೆಯುವ ಕ್ರಮ ಇದೆ. ಎತ್ತರ ಮತ್ತು ಈ ಅಳತೆ ಎರಡನ್ನೂ ಇಟ್ಟುಕೊಂಡು ಕಂಪನಿಗಳ ಪಟ್ಟಿ ನೋಡಿದರೆ ಸ್ಟ್ಯಾಂಡರ್ಡ್ ಉದ್ದ ಸಾಕೋ, ಅರ್ಧ ಇಂಚು ಆಚೀಚೆ ಬೇಕೋ ಗೊತ್ತಾಗುತ್ತದೆ. ಬಹುಪಾಲು ಜನರಿಗೆ ಸ್ಟ್ಯಾಂಡರ್ಡೇ ಹೊಂದುತ್ತದೆ. ತುಂಬಾ ಎತ್ತರದವರು, ತುಂಬಾ ಗಿಡ್ಡದವರು ಮಾತ್ರ ಕೊಳ್ಳುವ ಮೊದಲು ಅಳತೆ ಮಾಡಿಸಿ. ಗ್ರಿಪ್ ದಪ್ಪದ ಪರೀಕ್ಷೆ ಸುಲಭ. ಹಿಡಿದಾಗ ಮೇಲಿನ ಕೈಯ ನಡುಬೆರಳುಗಳು ಅಂಗೈಯನ್ನು ಮೆಲ್ಲಗೆ ಮುಟ್ಟಬೇಕು. ಉಗುರು ಚುಚ್ಚಿದರೆ ತೆಳು, ಮುಟ್ಟದೇ ಇದ್ದರೆ ದಪ್ಪ.

ಪೂರ್ತಿ ಫಿಟ್ಟಿಂಗ್ ಮಾಡಿಸಿ ಹೊಸ ಕ್ಲಬ್ ಕಟ್ಟಿಸುವುದು ಈಗ ಬೇಡ. ಕಲಿಯುತ್ತಾ ಹೋದಂತೆ ಸ್ವಿಂಗ್ ಬದಲಾಗುತ್ತದೆ. ಇವತ್ತಿನ ಸ್ವಿಂಗ್‌ಗೆ ಮಾಡಿಸಿದ ಕ್ಲಬ್ ಆರು ತಿಂಗಳಿಗೆ ಹೊಂದದೇ ಹೋಗಬಹುದು.

ಪಟರ್ ಮತ್ತು ವೆಜ್

ಪಾರ್ 72ರ ಕೋರ್ಸಿನಲ್ಲಿ, ಅಂದರೆ 18 ಹೋಲ್‌ಗಳನ್ನು 72 ಹೊಡೆತದಲ್ಲಿ ಮುಗಿಸುವ ಲೆಕ್ಕದ ಕೋರ್ಸಿನಲ್ಲಿ, ಪ್ರತಿ ಹೋಲ್‌ಗೆ ಎರಡು ಪಟ್ (ಪಟರ್‌ನಿಂದ ಉರುಳಿಸುವ ಹೊಡೆತ) ಅಂತ ಲೆಕ್ಕ ಇಟ್ಟಿರುತ್ತಾರೆ. ಅಂದರೆ 36 ಹೊಡೆತ, ಸರಿಯಾಗಿ ಅರ್ಧ. ಒಂದೇ ಕ್ಲಬ್ ಇಷ್ಟು ಸಲ ಕೈಗೆ ಬರುವುದರಿಂದ ಸೆಟ್ಟಿನಲ್ಲಿ ಬಂದ ಪಟರ್ ಇಷ್ಟವಾಗದಿದ್ದರೆ ಅದನ್ನು ಬದಲಿಸಲು ಹಿಂಜರಿಯಬೇಡಿ. ಪಟರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಲು ಅತಿ ಸುರಕ್ಷಿತವೂ ಹೌದು, ಸವೆಯುವಂಥದ್ದು ಗ್ರಿಪ್ ಬಿಟ್ಟರೆ ಬೇರೇನಿಲ್ಲ.

ಬ್ಲೇಡ್ ಪಟರ್ ತೆಳ್ಳಗೆ, ಮ್ಯಾಲೆಟ್ ದೊಡ್ಡ ತಲೆಯದು. ಐರನ್‌ಗೆ ಹೇಳಿದ ಅಂಚಿನ ತೂಕದ ಮಾತು ಇಲ್ಲೂ ನಿಜ, ಮಧ್ಯ ತಪ್ಪಿದಾಗ ಮ್ಯಾಲೆಟ್ ಕಡಿಮೆ ತಿರುಚುತ್ತದೆ. ಮೇಲೆ ಉದ್ದನೆಯ ಗೆರೆ ಇರುವುದರಿಂದ ಗುರಿ ಹಿಡಿಯಲೂ ಸುಲಭ. ಪಟರ್ ಅನ್ನು ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಬೀಸುವವರಿಗೆ ಬ್ಲೇಡ್ ಹೆಚ್ಚು ಸಹಜ ಅನ್ನಿಸಬಹುದು. ಎರಡನ್ನೂ ಹಿಡಿದು ನೋಡಿ. ಉದ್ದದ ಬಗ್ಗೆ ಮಾತ್ರ ರಾಜಿ ಬೇಡ. ಬಾಗಿ ನಿಂತಾಗ ಕಣ್ಣು ಚೆಂಡಿನ ನೇರಕ್ಕೆ ಬರಬೇಕು, ಕೈ ಸಡಿಲವಾಗಿ ಇಳಿಬಿದ್ದಿರಬೇಕು. ಸಾಮಾನ್ಯವಾಗಿ 33ರಿಂದ 35 ಇಂಚಿನೊಳಗೆ ಇದು ಸಿಗುತ್ತದೆ.

ಸ್ಯಾಂಡ್ ವೆಜ್ 56 ಡಿಗ್ರಿ ಸಾಕು. ಅದರ ಅಡಿಯಲ್ಲಿರುವ ಉಬ್ಬಿಗೆ ಬೌನ್ಸ್ ಅಂತಾರೆ. 12 ಡಿಗ್ರಿ ಆಸುಪಾಸಿನ ಬೌನ್ಸ್ ಇದ್ದರೆ ಮರಳಲ್ಲಿ ಕ್ಲಬ್ ಹೂತುಕೊಳ್ಳದೆ ಜಾರುತ್ತದೆ. ಬೌನ್ಸ್ ಕಡಿಮೆ ಇರುವ ವೆಜ್ ಹೊಸಬರಿಗೆ ಬಂಕರ್‌ನಲ್ಲಿ (ಮರಳು ತುಂಬಿದ ಗುಂಡಿ) ಬಹಳ ಕಾಟ ಕೊಡುತ್ತದೆ. 60 ಡಿಗ್ರಿಯ ಲಾಬ್ ವೆಜ್ ಈಗ ಬೇಡ. ಪೂರ್ತಿ ಬೀಸಿದರೂ ಚೆಂಡು ಮೇಲೆ ಹೋಗಿ ಅಲ್ಲೇ ಬೀಳುವ ಕ್ಲಬ್ ಅದು, ಸ್ವಲ್ಪ ತಪ್ಪಿದರೆ ಗ್ರೀನ್ ದಾಟಿ ಆಚೆ ಹೋಗುತ್ತದೆ.

ಚೆಂಡು

ಚೆಂಡಿನಲ್ಲಿ ಬೆಲೆಯ ಅಂತರ ದೊಡ್ಡದು, ಹೊಸಬರಿಗೆ ಸಿಗುವ ಲಾಭದ ಅಂತರ ಚಿಕ್ಕದು. ನಿಯಮಕ್ಕೆ ಒಪ್ಪುವ ಚೆಂಡು ಅಂದರೆ ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂಗಿಂತ ಜಾಸ್ತಿ ಇರಬಾರದು. ಅಗ್ಗದ್ದೂ ದುಬಾರಿಯದ್ದೂ ಈ ಅಳತೆಯಲ್ಲೇ ಇರುತ್ತವೆ. ವ್ಯತ್ಯಾಸ ಇರುವುದು ಒಳಗಿನ ಪದರ ಮತ್ತು ಹೊರ ಹೊದಿಕೆಯಲ್ಲಿ.

ಎರಡು ಪದರದ ಚೆಂಡಿನಲ್ಲಿ ರಬ್ಬರ್ ತಿರುಳು, ಮೇಲೆ ಅಯೊನೊಮರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೊದಿಕೆ. ಸ್ಪಿನ್ ಕಡಿಮೆ, ಬಾಳಿಕೆ ಜಾಸ್ತಿ. 2000ದಲ್ಲಿ ಬಂದ ಟೈಟ್ಲಿಸ್ಟ್ ಪ್ರೊ ವಿ1 ಥರದ ಚೆಂಡುಗಳಲ್ಲಿ ಮೂರು ಅಥವಾ ಹೆಚ್ಚು ಪದರ, ಮೇಲೆ ಮೆತ್ತಗಿನ ಯುರಿಥೇನ್ ಹೊದಿಕೆ. ವೆಜ್‌ನಲ್ಲಿ ಹೊಡೆದಾಗ ಗ್ರೀನ್ ಮೇಲೆ ಗಕ್ಕನೆ ನಿಲ್ಲುವುದು ಈ ಹೊದಿಕೆಯಿಂದ. ಆದರೆ ಆ ಸ್ಪಿನ್ ಬರಬೇಕಾದರೆ ಹೊಡೆತ ಶುದ್ಧವಾಗಿರಬೇಕು. ಉದ್ದನೆಯ ಹೊಡೆತಗಳಲ್ಲೂ ಅಗ್ಗದ ಚೆಂಡು ಹಿಂದೆ ಬೀಳುವುದಿಲ್ಲ. ಸ್ಪಿನ್ ಕಡಿಮೆ ಇರುವುದರಿಂದ ಪಕ್ಕಕ್ಕೆ ಬಾಗುವುದೂ ತುಸು ಕಡಿಮೆ. ಮೇಲಾಗಿ ಒಂದು ರೌಂಡಿನಲ್ಲಿ ಹಲವು ಚೆಂಡು ನೀರಿಗೂ ಪೊದೆಗೂ ಹೋಗುತ್ತವೆ. ದುಬಾರಿ ಚೆಂಡು ಜೇಬಲ್ಲಿದ್ದರೆ ನೀರು ದಾಟಿಸಲು ಕೈ ಹಿಂಜರಿಯುತ್ತದೆ. ಆ ಹೆದರಿಕೆ ಸ್ವಿಂಗನ್ನೇ ಕೆಡಿಸುತ್ತದೆ.

ಕೊಳದಿಂದ, ಪೊದೆಯಿಂದ ಹೆಕ್ಕಿ ತೊಳೆದ ಚೆಂಡುಗಳು ಇನ್ನೂ ಅಗ್ಗ. ಇವನ್ನು ಕೊಳ್ಳುವಾಗ ಬರೀ ತೊಳೆದದ್ದೋ, ಸಿಪ್ಪೆ ಕೆರೆದು ಹೊಸ ಬಣ್ಣ ಹೊಡೆದದ್ದೋ ಕೇಳಿ. ಬಣ್ಣ ಹೊಡೆದವು ಹೊಸದರಂತೆ ಹೊಳೆಯುತ್ತವೆ, ಹಾರಾಟ ಮಾತ್ರ ನೆಚ್ಚುವಂತಿಲ್ಲ. ತೊಳೆದ ಎರಡನೇ ದರ್ಜೆಯವು ನಮಗೆ ಧಾರಾಳ ಸಾಕು. ಬಣ್ಣ ಹಳದಿ ಅಥವಾ ಕಿತ್ತಳೆ ಇರಲಿ. 2019ರಿಂದ ಕಳೆದ ಚೆಂಡು ಹುಡುಕಲು 3 ನಿಮಿಷ ಮಾತ್ರ ಅವಕಾಶ, ಮೊದಲು 5 ಇತ್ತು. ಕಣ್ಣಿಗೆ ಹೊಡೆಯುವ ಬಣ್ಣ ಇದ್ದರೆ ಆ 3 ನಿಮಿಷದಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಉಳಿದವು

ಬ್ಯಾಗಿನಲ್ಲಿ ಕಾಲು ಬಿಚ್ಚಿ ನಿಲ್ಲುವ ಸ್ಟ್ಯಾಂಡ್ ಬ್ಯಾಗ್ ಕೊಳ್ಳಿ. ನಡೆದು ಆಡುವುದಕ್ಕೂ ಸರಿ, ಗಾಡಿಗೆ ಕಟ್ಟುವುದಕ್ಕೂ ಆದೀತು. 7 ಕ್ಲಬ್‌ಗೆ ದೊಡ್ಡ ಕಾರ್ಟ್ ಬ್ಯಾಗ್ ಬೇಡ. ಶೂ ವಿಷಯದಲ್ಲಿ ಮೊದಮೊದಲು ಒಳ್ಳೆಯ ಹಿಡಿತ ಇರುವ ಸ್ಪೋರ್ಟ್ಸ್ ಶೂ ನಡೆಯುತ್ತದೆ, ಕೋರ್ಸಿನ ನಿಯಮ ಒಪ್ಪಿದರೆ. ಒದ್ದೆ ಹುಲ್ಲಿನಲ್ಲಿ, ಇಳಿಜಾರಿನಲ್ಲಿ ಆಡುವವರು ಗಾಲ್ಫ್ ಶೂ ತಗೊಳ್ಳಿ. ಮುಳ್ಳಿಲ್ಲದ ಮಾದರಿ ಆದರೆ ಕೋರ್ಸಿನ ಹೊರಗೂ ಹಾಕಬಹುದು.

ಗ್ಲೌಸ್ ಒಂದು ಸಾಕು, ಬಲಗೈ ಆಟಗಾರ ಎಡಗೈಗೆ ಹಾಕುತ್ತಾನೆ. ಚರ್ಮದ್ದು ಮೆತ್ತಗೆ, ಬೇಗ ಹರಿಯುತ್ತದೆ. ಸಿಂಥೆಟಿಕ್ ಬಾಳುತ್ತದೆ, ಬೆವರಿಗೂ ಮಳೆಗೂ ತಡೆಯುತ್ತದೆ. ರೇಂಜಿನಲ್ಲಿ ನೂರಾರು ಚೆಂಡು ಹೊಡೆಯುವ ಹಂತದಲ್ಲಿ ಸಿಂಥೆಟಿಕ್ಕೇ ಸರಿ. ಲೇಸರ್ ದೂರಮಾಪಕ ಈಗ ಬೇಡ, ಫೋನಿನಲ್ಲಿ ಉಚಿತ ಆ್ಯಪ್‌ಗಳು ಗ್ರೀನ್‌ನ ಮುಂದೆ, ಮಧ್ಯ, ಹಿಂದಿನ ದೂರ ತೋರಿಸುತ್ತವೆ. ಟೀ, ಗ್ರೀನ್ ಮೇಲಿನ ಗುಳಿ ಸರಿಪಡಿಸುವ ಪುಟ್ಟ ಫೋರ್ಕ್, ಚೆಂಡಿನ ಜಾಗ ಗುರುತಿಸಲು ಒಂದು ನಾಣ್ಯ ಇದ್ದರಾಯಿತು.

ದುಡ್ಡು ಹಂಚುವುದು, ಮುಂದೆ ಸೇರಿಸುವುದು

ಗಾಲ್ಫಿಗೆ ಅಂತ ಎತ್ತಿಟ್ಟ ದುಡ್ಡನ್ನೆಲ್ಲಾ ಕ್ಲಬ್ಬಿಗೆ ಹಾಕಬೇಡಿ ಅನ್ನೋದು ನನ್ನ ಕಳಕಳಿಯ ಮಾತು. ಕ್ಲಬ್ಬಿಗೆ ಅರ್ಧ ಇಡಿ. ಮೂರನೇ ಒಂದು ಪಾಲು ಕೋಚ್ ಹತ್ತಿರ ಪಾಠಕ್ಕೆ ಮತ್ತು ರೇಂಜಿಗೆ. ಉಳಿದದ್ದು ಚೆಂಡು, ಗ್ಲೌಸ್, ಶೂಗೆ. ಗ್ರಿಪ್ ಹಿಡಿಯುವುದು, ನಿಲ್ಲುವುದು ತಪ್ಪಾಗಿ ರೂಢಿಯಾದರೆ ಅದನ್ನು ಯಾವ ಕ್ಲಬ್ಬೂ ಸರಿಪಡಿಸುವುದಿಲ್ಲ. ಆರಂಭದ ನಾಲ್ಕೈದು ಪಾಠ ಮಾಡುವ ಉಪಕಾರ ದೊಡ್ಡದು. ಕೊಳ್ಳುವ ಮೊದಲೇ ಪಾಠ ಶುರು ಮಾಡಿದರೆ ಕೋಚ್ ನಿಮ್ಮ ಸ್ವಿಂಗ್ ನೋಡಿ ಶಾಫ್ಟ್, ಉದ್ದದ ಬಗ್ಗೆ ಹೇಳಬಲ್ಲರು.

ಆಮೇಲೆ ಸೇರಿಸುವ ಮೊದಲ ಕ್ಲಬ್ ಬಹುಶಃ ಗ್ಯಾಪ್ ವೆಜ್. ಈಗಿನ ಬಹಳಷ್ಟು ಸೆಟ್‌ಗಳಲ್ಲಿ ಪಿಚಿಂಗ್ ವೆಜ್ ಸುಮಾರು 44 ಡಿಗ್ರಿ ಇರುತ್ತದೆ, ಸ್ಯಾಂಡ್ ವೆಜ್ 56. ನಡುವೆ 12 ಡಿಗ್ರಿ ಖಾಲಿ. ಚೆಂಡು ಸರಿಯಾಗಿ ತಾಗಲು ಶುರುವಾದ ಮೇಲೆ ಈ ಖಾಲಿ ಜಾಗ ಕಾಡುತ್ತದೆ, 50 ಡಿಗ್ರಿಯ ವೆಜ್ ಅದನ್ನು ತುಂಬುತ್ತದೆ. ನಂತರ 6 ಮತ್ತು 8 ಐರನ್. ಮೊದಲೇ ಪೂರ್ತಿ ಐರನ್ ಸೆಟ್ ಸೆಕೆಂಡ್ ಹ್ಯಾಂಡ್‌ನಲ್ಲಿ ಒಟ್ಟಿಗೆ ಸಿಕ್ಕಿದ್ದರೆ ಇವು ಮನೆಯಲ್ಲೇ ಇರುತ್ತವೆ. ಸುಮ್ನೆ ಬ್ಯಾಗಿನಿಂದ ಹೊರಗಿಟ್ಟಿದ್ದನ್ನು ಒಳಗಿಡುವುದಷ್ಟೇ. 5 ವುಡ್ ಟೀ ಮೇಲಿಂದ ಹತ್ತರಲ್ಲಿ ಏಳು ಸಲ ಫೇರ್‌ವೇ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿ) ಅಥವಾ ಅದರ ಪಕ್ಕಕ್ಕೆ ಬೀಳತೊಡಗಿದಾಗ ಡ್ರೈವರ್ ಹುಡುಕಲು ಹೊರಡಿ. ಆ ಹೊತ್ತಿಗೆ ನಿಮ್ಮ ಸ್ವಿಂಗ್ ವೇಗವೂ ಗೊತ್ತಿರುತ್ತದೆ, ಯಾವ ಫ್ಲೆಕ್ಸ್, ಎಷ್ಟು ಡಿಗ್ರಿ ಅಂತ ಕೇಳಿ ಕೊಳ್ಳಬಹುದು.